ಎರಡನೇ ತೂತಿಗೆ ಬಿರಡೆ ಜಡಿದ ಮಹನೀಯರಿಗೆ

ಮನೆಯ ಮೀನುತೊಟ್ಟಿಗಳಿಗೆಂದು ‘ನಿಶ್ಶಬ್ದ’ ಎಂಬ ಓವರ್‌ಫ್ಲೋ ಪೆಟ್ಟಿಗೆ ತಯಾರಿಸಿ ಲೋಕದ ಕಿವಿಗಳಿಗೆ ತಂಪೆರೆದಿರುವ ಕಂಪನಿಯ ನಿರ್ದೇಶಕರಾದ ಮಾನ್ಯರೇ,

ತಮಗೂ, ತಮ್ಮ ಕಾರ್ಖಾನೆಗೂ, ವಿಶೇಷವಾಗಿ ತಮ್ಮ ಕಚೇರಿಯ ಒಣ ನೆಲಕ್ಕೂ ನನ್ನ ಗೌರವಪೂರ್ವಕ ನಮಸ್ಕಾರಗಳು.

ಓವರ್‌ಫ್ಲೋ ಆರಿಸುವ ಮುನ್ನ ನಾನು ಮೂರು ಕಂಪನಿಗಳ ಕಿರುಹೊತ್ತಿಗೆಗಳನ್ನು ಅಡಿಗೆರೆ ಹಾಕಿಕೊಂಡು ಓದಿದವನು. ತೊಟ್ಟಿಯಲ್ಲಿ ಹೆಚ್ಚಾದ ನೀರು ಮೂಲೆಯ ಪೆಟ್ಟಿಗೆಗೆ ಬಿದ್ದು, ಕೊಳವೆಯಲ್ಲಿ ಕೆಳತೊಟ್ಟಿಗೆ ಇಳಿದು, ಅಲ್ಲಿ ಸೋಸಿಕೊಂಡು, ಮೋಟಾರಿನಿಂದ ಮತ್ತೆ ಮೇಲೇರಬೇಕು, ಇಷ್ಟೇ ಕೆಲಸ. ಉಳಿದಿಬ್ಬರು ತಯಾರಕರು, ಪಾಪ, ಎರಡೆರಡು ಕೊಳವೆ ಕೊಟ್ಟು, ಒಂದು ಕಟ್ಟಿಕೊಂಡರೆ ಇನ್ನೊಂದು ನೀರಿಳಿಸುತ್ತದೆ, ಆಗ ಗಳಗಳ ಸದ್ದಾದೀತು ಎಂದು ಒಪ್ಪಿಕೊಂಡಿದ್ದರು. ತಾವು ಮಾತ್ರ ಎರಡು ತೂತು ಕೊರೆದು, ಎರಡನೆಯದಕ್ಕೆ ಕಪ್ಪು ರಬ್ಬರ್ ಬಿರಡೆ ಜಡಿದು, ‘ಸದ್ದಿಲ್ಲದ ಮನೆ, ಚಿಂತೆಯಿಲ್ಲದ ಮನೆ’ ಎಂದು ಬಂಗಾರದ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದಿರಿ. ಅದೇಕೆಂದು ಬರೆದು ಕೇಳಿದ್ದಕ್ಕೆ, ಎರಡನೇ ಕೊಳವೆ ಅಂಜುಬುರುಕ ಗ್ರಾಹಕರ ಬೇಡಿಕೆ ಎಂಬ ಉತ್ತರ ಬಂತು. ಅಂಜುಬುರುಕನಾಗಲು ಯಾರಿಗೆ ತಾನೇ ಇಷ್ಟ? ಮಹಡಿಯ ಓದುವ ಕೋಣೆಯಲ್ಲಿ ಸದ್ದು ಬೇಡವೆಂಬ ಆಸೆಯೂ ಸೇರಿ ತಮ್ಮ ಪೆಟ್ಟಿಗೆಯನ್ನೇ ಆರಿಸಿದೆ. ಆ ತಪ್ಪು ನನ್ನದು. ಅದನ್ನು ತಮಗೆ ಬಿಟ್ಟುಕೊಡುವುದಿಲ್ಲ.

ಪೆಟ್ಟಿಗೆ ಕೂರಿಸಿದ ಹದಿನೇಳನೆಯ ದಿನ ಮಧ್ಯಾಹ್ನ, ತಮ್ಮ ಕಿರುಹೊತ್ತಿಗೆ ಓದಿರದ ನನ್ನ ತೊಟ್ಟಿಯ ಒಂದು ಬಸವನಹುಳು ಆ ಒಂಟಿ ಕೊಳವೆಯ ಬಾಯಲ್ಲಿ ವಿಶ್ರಾಂತಿಗೆ ಕೂತಿತು. ಮೋಟಾರು ನಿಷ್ಠೆಯಿಂದ ಕೆಳತೊಟ್ಟಿಯ ನಲವತ್ತು ಲೀಟರನ್ನೂ ಮೇಲೆತ್ತಿತು, ಮೇಲಿನ ತೊಟ್ಟಿ ಅಷ್ಟೇ ನಿಷ್ಠೆಯಿಂದ ಅದನ್ನು ನೆಲಕ್ಕೆ ಇಳಿಸಿತು, ಮತ್ತು ತಾವು ಮಾತು ಕೊಟ್ಟಂತೆ ಎಲ್ಲವೂ ಸದ್ದಿಲ್ಲದೆ ನಡೆಯಿತು. ಅದೇ ಕೋಣೆಯಲ್ಲಿ ಕುರ್ಚಿಯ ಮೇಲೆ ಕಾಲು ಮಡಿಸಿ ಓದುತ್ತಿದ್ದ ನನಗೆ ಗೊತ್ತಾದದ್ದು ಕೆಳಗಿನಿಂದ ಚಿಕ್ಕಮ್ಮ ಕೂಗಿದಾಗ.

ಚಿಕ್ಕಮ್ಮ ಕೆಳಗಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಇಪ್ಪತ್ತಾರು ವರ್ಷಗಳ ಗಿರಾಕಿಗಳ ಅಳತೆಗಳನ್ನು ಕಂದು ಕಾಗದದಲ್ಲಿ ಕತ್ತರಿಸಿ, ಶಾಯಿಯಲ್ಲಿ ಬರೆದು, ಗೋಡೆಯ ಮೊಳೆಗಳಿಗೆ ತೂಗುಹಾಕಿದ್ದರು. ನೀರು ಇಳಿದದ್ದು ಅದೇ ಗೋಡೆಯ ಮೇಲೆ. ತೋಳು ಯಾರದು, ಕೊರಳು ಯಾರದು ಎಂಬುದೆಲ್ಲ ಈಗ ಒಂದೇ ನೀಲಿ ಕಲೆ. “ನಿನ್ನ ಮೀನು ಈಜ್ಲಿ, ನಾನು ಬೇಡ ಅಂದ್ನಾ? ನನ್ನ ಹೊಲಿಗೆ ಮಷೀನು ಯಾಕಪ್ಪಾ ಈಜ್ಬೇಕು?” ಎಂದವರು, ಭಾನುವಾರದೊಳಗೆ ತೊಟ್ಟಿ ಮನೆಯಿಂದಾಚೆ ಎಂದು ತೀರ್ಪು ಕೊಟ್ಟರು.

ಆದ್ದರಿಂದ ನನ್ನ ವಿನಮ್ರ ಕೋರಿಕೆಗಳನ್ನು ಮನ್ನಿಸಬೇಕು. ತಾವು ಖುದ್ದಾಗಿ ಟೇಪು ಹಿಡಿದು ಬಂದು ಇನ್ನೂರು ಚಿಲ್ಲರೆ ಗಿರಾಕಿಗಳ ಅಳತೆ ಮತ್ತೆ ತೆಗೆದುಕೊಡಬೇಕು. ಹತ್ತು ವರ್ಷದಿಂದ ತನ್ನ ಸೊಂಟ ಬೆಳೆದೇ ಇಲ್ಲ ಎನ್ನುವ ಅಂಚೆ ಗುಮಾಸ್ತರಿಂದ ಆರಂಭಿಸಬಹುದು. ಬಸವನಹುಳುವಿಗೆ ತಮ್ಮ ಪರೀಕ್ಷಾ ವಿಭಾಗದ ಮುಖ್ಯಸ್ಥನ ಹುದ್ದೆ ಕೊಡಬೇಕು, ಏಕೆಂದರೆ ತಮ್ಮ ಇಂಜಿನಿಯರುಗಳಿಗೆ ಕಾಣದ್ದನ್ನು ಅದು ಒಂದೇ ಮಧ್ಯಾಹ್ನದಲ್ಲಿ ಕಂಡುಹಿಡಿಯಿತು. ತಮ್ಮ ಕಾರ್ಖಾನೆಗೆ ಎರಡನೇ ಬಾಗಿಲಿದ್ದರೆ ಅದಕ್ಕೂ ಬಿರಡೆ ಜಡಿಯಬೇಕು. ಕೆಲಸಗಾರರ ಸದ್ದು ಕಡಿಮೆಯಾದೀತು. ಬಹುಶಃ ಈಗಾಗಲೇ ಜಡಿದಿರುತ್ತೀರಿ. ತೊಂದರೆಯ ಬಾಯಿ ಮುಚ್ಚಿ ಅದನ್ನೇ ನೆಮ್ಮದಿ ಎಂದು ಮಾರುವ ವಿದ್ಯೆ ಮೀನುತೊಟ್ಟಿಯೊಂದಕ್ಕೇ ನಿಲ್ಲುವಂಥದ್ದಲ್ಲ.

ಶನಿವಾರ ನಾನು ಬಿರಡೆ ಕಿತ್ತು, ಅಲ್ಲೊಂದು ಸಾದಾ ಪೈಪನ್ನು ಮೊದಲನೆಯದಕ್ಕಿಂತ ಎರಡು ಬೆರಳು ಎತ್ತರಕ್ಕೆ ನಿಲ್ಲಿಸಿದೆ. ಚಿಕ್ಕಮ್ಮ ನನ್ನ ಮಾತು ನಂಬದೆ ಮೇಲೆ ಬಂದು, ಮೊದಲ ಕೊಳವೆಗೆ ತಮ್ಮ ಕೈಯಾರೆ ಬಟ್ಟೆಚೂರು ತುರುಕಿ, ಸೊಂಟದ ಮೇಲೆ ಕೈಯಿಟ್ಟು ನಿಂತರು. ನೀರು ಏರಿತು, ಎರಡನೇ ಪೈಪಿನ ಬಾಯಿ ಮುಟ್ಟಿತು, ಇಡೀ ಮನೆಗೆ ಕೇಳುವಂತೆ ಗಳಗಳ ಇಳಿಯಿತು. ನೆಲಕ್ಕೆ ಒಂದು ಹನಿಯೂ ಬೀಳಲಿಲ್ಲ. “ಹೂಂ, ಇದು ಬಾಯಿಬಿಟ್ಟು ಹೇಳುತ್ತೆ. ಇರ್ಲಿ ಬಿಡು” ಎಂದು ಬಟ್ಟೆಚೂರು ಕಿತ್ತುಕೊಂಡು, ಅಳಿಸಿಹೋದ ಅಳತೆಗಳನ್ನು ನೆನಪಿನಿಂದ ಬರೆಯಲು ಕೆಳಗಿಳಿದರು.

ಇಷ್ಟಾದ ಮೇಲೂ, ಒದ್ದೆ ಚಾಪೆಯ ಮೇಲಿಂದ,
ತಮ್ಮ ವಿಶ್ವಾಸಿ,
ಒಬ್ಬ ಅಂಜುಬುರುಕ ಗ್ರಾಹಕ

ಮರೆತ ಮಾತು: ಬಿರಡೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ತಮ್ಮ ದೂರು ವಿಭಾಗದ ಫೋನಿಗೆ ಒಂಬತ್ತು ಬಾರಿ ಕರೆಮಾಡಿ ನೋಡಿದ್ದರಿಂದ ಹೇಳುತ್ತೇನೆ, ಅಲ್ಲಿಗೆ ಇದರ ಅಗತ್ಯವಿಲ್ಲ. ಈಗಿರುವುದೇ ಬಲು ಭದ್ರವಾಗಿದೆ.