ತೊಂಬತ್ತನಾಲ್ಕು ಪುಟದ ಹಾರಾಟ

ಅಯೋವಾದಲ್ಲಿ ಮನೆಯಲ್ಲೇ ವಿಮಾನ ಕಟ್ಟಿದವರು ಯಾರೂ ಬರೆದಿರಬಾರದು, ಅಂಥ ಪರೀಕ್ಷಾ ಹಾರಾಟದ ಯೋಜನೆ ಬರೆದೇ ತೀರುತ್ತೇನೆಂದು ವರ್ಲಿನ್ ಹೌಗನ್ ಮೇ ತಿಂಗಳಲ್ಲಿ ಶಪಥ ಮಾಡಿದ. ಹನ್ನೊಂದು ವರ್ಷ ಗಂಡ ಹೆಂಡತಿ ಗ್ಯಾರೇಜಿನಲ್ಲಿ ಕಟ್ಟಿದ ಎರಡು ಸೀಟಿನ ವಿಮಾನ ಹುಲ್ಲಿನ ರನ್‌ವೇ ಪಕ್ಕ ಸಿದ್ಧವಾಗಿ ನಿಂತಿತ್ತು. ಬೇರೆಯವರು ಹತ್ತು ಪುಟ ಗೀಚಿ ಹಾರಿಬಿಡುತ್ತಾರೆ. ವರ್ಲಿನ್ ಗೀಚುವ ಪೈಕಿಯೇ? ಜುಲೈಗೆ ಎಪ್ಪತ್ತು ಪುಟ!

“ಅಂಗಿ ಗುಂಡಿ ಕಿತ್ತುಬಂದ್ರೆ ಏನ್ಮಾಡ್ಬೇಕು ಅಂತಾನೂ ಬರ್ದಿದ್ದೀಯಲ್ಲ ಮಾರಾಯ!” ಹೆಂಡತಿ ಆರ್ಲಿಸ್ ಕೆಮ್ಮುತ್ತಲೇ ನಕ್ಕಳು.

“ಹೋಗಿ ಪೆಡಲ್ ಕೆಳಗೆ ಸಿಕ್ಕಾಕ್ಕೊಂಡ್ರೆ?”

“ಸರಿ, ನನ್ನ ಕೂರಿಸ್ಕೊಂಡು ಹೋಗೋದು ಯಾವಾಗ?”

“ನಲವತ್ತು ಗಂಟೆ ಹಾರಿಸಿ ಆದ್ಮೇಲೆ. ಅಲ್ಲೀವರೆಗೆ ಪಕ್ಕದಲ್ಲಿ ಯಾರನ್ನೂ ಕೂರಿಸಬಾರದು, ಸರ್ಕಾರದ ನಿಯಮ. ನಿನ್ನ ಜಾಗದಲ್ಲಿ ನಿನ್ನಷ್ಟೇ ತೂಕದ ಮರಳು ಚೀಲ. ಅಂದ ಹಾಗೆ, ಎಷ್ಟಿದ್ದೀಯ?”

“ನೂರಾ ಮೂವತ್ತು ಪೌಂಡು.”

ವರ್ಲಿನ್ ಮೂವತ್ತೆಂಟು ವರ್ಷ ಸಂಸಾರ ಮಾಡಿದವನು. ನೂರಾ ಐವತ್ತು ಎಂದು ಬರೆದುಕೊಂಡ.

“ಒಂದೊಂದು ರಿವೆಟ್ ಮೊಳೆ ಬಡಿಯುವಾಗ್ಲೂ ಹಿಂದಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿದೋಳು ನಾನು. ಮೊದ್ಲು ಹಾರೋದು ಮರಳಾ?”

ಸೆಪ್ಟೆಂಬರಿನಲ್ಲಿ, ತೊಂಬತ್ತನಾಲ್ಕು ಪುಟ ಮುಗಿಸಿ, ವರ್ಲಿನ್ ಕೊನೆಗೂ ಹಾರಿದ. ಒಂದು ಗುಂಡಿಯೂ ಕಿತ್ತುಬರಲಿಲ್ಲ! ಅದೇ ವಾರ ಡಾಕ್ಟರು ಆರ್ಲಿಸಳ ಕೆಮ್ಮಿಗೆ ಹೆಸರು ಹೇಳಿದರು. ಶ್ವಾಸಕೋಶ. ಕ್ರಿಸ್‌ಮಸ್ ಕಾಣುವುದು ಕಷ್ಟ.

ಅಲ್ಲಿಂದ ಅವನು ಹುಚ್ಚನ ಹಾಗೆ ಹಾರಿದ. ಆದರೆ ಒಂದು ದಿನ ಗಾಳಿ, ಒಂದು ದಿನ ಮಂಜು, ಎರಡು ದಿನ ಆಸ್ಪತ್ರೆ. ಮೇ ತಿಂಗಳಲ್ಲೇ ಶುರುಮಾಡಿದ್ದರೆ ಆಗಸ್ಟಿಗೆ ನಲವತ್ತೂ ಮುಗಿಯುತ್ತಿತ್ತು! ಈ ಸಣ್ಣ ಲೆಕ್ಕ ಮಾತ್ರ ಅವನ ಯಾವ ಪುಟದಲ್ಲೂ ಇರಲಿಲ್ಲ. ಆರ್ಲಿಸ್ ಕರಗುತ್ತಾ ಹೋದಳು. ತೂಕ ಸರಿಯಾಗಿರಬೇಕಲ್ಲ, ವಾರವಾರವೂ ಚೀಲದಿಂದ ಬೊಗಸೆ ಬೊಗಸೆ ಮರಳು ತೆಗೆದ. ಅವಳ ನೂರಾ ಮೂವತ್ತು ನಿಜವಾದ ದಿನ ಅವನಿಗೆ ನಗು ಬರಲಿಲ್ಲ.

ಅಕ್ಟೋಬರ್ ಕೊನೆಗೆ ಆಗಿದ್ದು ಇಪ್ಪತ್ತೆರಡೇ ಗಂಟೆ. ಒಂದು ಮಧ್ಯಾಹ್ನ ಅವನು ಚೀಲವನ್ನು ಹೊರಗೆಸೆದು, ಅವಳನ್ನು ಎತ್ತಿ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದ. ನಿಯಮ ಹಾರಾಟಕ್ಕೆ ತಾನೇ? ನೆಲದ ಮೇಲೆ ಓಡಾಡಲಿಕ್ಕೆ ಅಲ್ಲವಲ್ಲ! ವಿಮಾನ ಹುಲ್ಲಿನ ಮೇಲೆ ಕುಲುಕುತ್ತಾ, ಎತ್ತಿನಗಾಡಿಯ ವೇಗದಲ್ಲಿ ಹೊರಟಿತು.

“ಎಷ್ಟು ಎತ್ತರದಲ್ಲಿದ್ದೀವಿ?” ಕಣ್ಣು ಮುಚ್ಚಿಕೊಂಡೇ ಕೇಳಿದಳು.

ಜನ್ಮದಲ್ಲಿ ಒಂದು ಅಂಕಿಯನ್ನೂ ತಪ್ಪು ಹೇಳದ ವರ್ಲಿನ್, “ಮೂರು ಸಾವಿರ ಅಡಿ” ಎಂದ.

“ಸುಳ್ಳ! ಕೊಯ್ದ ಜೋಳದ ವಾಸನೆ ಮೂಗಿಗೇ ಹೊಡೀತಿದೆ.” ಅವನ ತೋಳಿಗೆ ತಲೆ ಆನಿಸಿದಳು. “ಇನ್ನೂ ಸ್ವಲ್ಪ ಮೇಲೆ ಹೋಗು.”