ನಮ್ಮ ಆಫೀಸಿಗೆ ನಾಷ್ಟಾ ಆರಿಸಿದ್ದು

ದಿನಾ ನಾಲ್ಕು ಗಂಟೆಗೆ ತಿನ್ನುವ ಒಂದು ಪ್ಲೇಟು ನಾಷ್ಟಾ ಆರಿಸಲಿಕ್ಕೆ ಎಂಟು ತಿಂಗಳು ತೆಗೆದುಕೊಂಡ ಮಹಾನುಭಾವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅಷ್ಟು ದಿನದಲ್ಲಿ ಒಂದು ಹುಡುಗಿ ನೋಡಿ, ಮದುವೆ ಮಾಡಿ, ಬಸುರಿಗೆ ಕುಬಸದ ಸೀರೆಯನ್ನೂ ತಂದಿಡಬಹುದಿತ್ತು!

ಅವರನ್ನು ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಸಂಬಂಧದಲ್ಲಿ ಯಾರಿಗೂ ಕಾಕಾ ಅಲ್ಲ. ಗೋಕಾಕದಲ್ಲಿ ಹನಿ ನೀರಾವರಿಯ ಪೈಪು ಮಾರುವ ನಮ್ಮ ಆಫೀಸಿನ ಸ್ಟೋರ್ ಕೀಪರು. ನಾನು ಅಲ್ಲಿ ಬಿಲ್ಲು ಬರೆಯುವವಳು. ಹಳೆ ಪೈಪು ತುಂಬಿದ್ದ ಖೋಲಿಯೊಂದನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಎರಡು ಬೆಂಚು ಹಾಕಿಸಿ, ಇನ್ನು ಇದು ನಿಮ್ಮ ವಿಶ್ರಾಂತಿಯ ಖೋಲಿ ಎಂದು ಮ್ಯಾನೇಜರ್ ಸಾಹೇಬರು ಘೋಷಿಸಿದರು. ಅಲ್ಲಿಗೆ ಚಹಾ, ನಾಷ್ಟಾ ತಂದುಕೊಡುವವರನ್ನು ಗೊತ್ತುಮಾಡುವ ಕೆಲಸ ಕಾಕಾರಿಗೆ ಬಿತ್ತು. ವಯಸ್ಸಾದವರು, ಎರಡು ದಿನದಲ್ಲಿ ಮುಗಿಸುತ್ತಾರೆ ಎಂಬ ನಂಬಿಕೆ ಸಾಹೇಬರದು. ಪಾಪ ಸಾಹೇಬರು.

ಮೊದಲು ಬಂದದ್ದು ಬಸ್‌ಸ್ಟ್ಯಾಂಡಿನ ಬಾಜೂ ಗಾಡಿ ಹಚ್ಚುವ ಚಾಚಾನ ಮಿರ್ಚಿ ಭಜಿ. ಆ ವಾಸನೆಗೆ ನಾನು ಬಿಲ್ಲು ಅರ್ಧಕ್ಕೇ ಬಿಟ್ಟು ಎದ್ದೆ. ಕಾಕಾ ಯಾರಿಗೂ ಮುಟ್ಟಲು ಕೊಡಲಿಲ್ಲ, ತಾವೂ ತಿನ್ನಲಿಲ್ಲ. ನಾಲ್ಕೂ ಭಜಿಯನ್ನು ಡಬ್ಬಿಗೆ ಹಾಕಿಕೊಂಡು ಸೈಕಲ್ ಹತ್ತಿ ಮನೆಗೆ ಹೋದರು. ಮರುದಿನ ಚಾಚಾನನ್ನು ಕರೆಸಿ ತೀರ್ಪು ಕೊಟ್ಟರು.

"ಮ್ಯಾಲ ಕೋಟ ಭಾಳ ದಪ್ಪ ಐತಿ, ಒಳಗ ಮನಷ್ಯಾನ ಇಲ್ಲ."

"ಮೂವತ್ತ ವರ್ಷದಾಗ ಯಾರೂ ಹಿಂಗ ಅಂದಿಲ್ಲ ಕಾಕಾ. ನೀವ ತಿಂದ ನೋಡಿದ್ರೇನು?"

"ನಾ ಎಲ್ಲಿ ತಿಂದೆ? ನಮ್ಮ ಮನಿಯಾಕಿ ಹೇಳ್ಯಾಳ."

ಹೊಟ್ಟೆ ಹಸಿದರೆ ನನ್ನ ನಾಲಗೆ ಕಡಿವಾಣ ಕಡಿದುಕೊಳ್ಳುತ್ತದೆ. "ನಿಮ್ಮ ಮನ್ಯಾಗ ಏನ ಹೈಕೋರ್ಟ್ ಐತೇನ್ರಿ ಕಾಕಾ?" ಎಂದು ಎಲ್ಲರೆದುರು ಕೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. "ಹೂಂ ತಂಗಿ. ಇನ್ನ ಎಷ್ಟ ದಿನ ನಡೀತೈತೋ ಗೊತ್ತಿಲ್ಲ" ಎಂದರು. ಆಮೇಲೆ ಸ್ಟೋರಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದರು.

ಅವರ ಹೆಂಡತಿ, ನಮ್ಮ ಕಾಕು, ಹಾಸಿಗೆ ಹಿಡಿದಿದ್ದರು. ಹೊಟ್ಟೆಯಲ್ಲಿ ಗಡ್ಡೆ. ಇನ್ನು ಏನು ಸೇರುತ್ತದೋ ಅದನ್ನು ಕೊಡಿ ಎಂದು ಬೆಳಗಾವಿಯ ಡಾಕ್ಟರು ಮನೆಗೆ ಕಳಿಸಿದ್ದರು. ಅಂದರೆ ಏನೆಂದು ಯಾರಿಗೆ ತಿಳಿಯುವುದಿಲ್ಲ? ಆದರೆ ಕಾಕುವಿಗೆ ಏನೂ ಸೇರುತ್ತಿರಲಿಲ್ಲ. ಗಂಡ ತುತ್ತು ಹಿಡಿದು ಕೂತರೆ ಗೋಡೆಯ ಕಡೆ ಹೊರಳುತ್ತಿದ್ದರು. ಒಂದು ಕಾಲಕ್ಕೆ ಆ ಓಣಿಯಲ್ಲಿ ಯಾರ ಮನೆಯ ಮದುವೆಯಾದರೂ ಹೂರಣದ ಮೊದಲ ಉಂಡೆ ಕಾಕುವಿನ ಹತ್ತಿರ ಬರಬೇಕು, ಅವರು ಹೂಂ ಎಂದ ಮೇಲೆಯೇ ಹೋಳಿಗೆ ಲಟ್ಟಿಸಬೇಕು. ಅಂಥವರು ಉಣ್ಣು ಅಂದರೆ ಉಣ್ಣುವುದಿಲ್ಲ. ಹೆಂಗಾಗೇತಿ ನೋಡಿ ಹೇಳು ಅಂದರೆ ಮಾತ್ರ ಒಲ್ಲೆ ಅನ್ನಲು ಅವರಿಂದ ಆಗುವುದಿಲ್ಲ. ನಾಲ್ಕು ದಿನದಿಂದ ನೀರು ಬಿಟ್ಟು ಏನೂ ಮುಟ್ಟದ ಕಾಕು ಆ ದಿನ ಅರ್ಧ ಭಜಿ ತಿಂದಿದ್ದರು, ಬೈಯಲಿಕ್ಕಾಗಿ.

ಇನ್ನು ಕಾಕಾರನ್ನು ಹಿಡಿಯುವವರು ಯಾರು? ಹುಕ್ಕೇರಿಯಿಂದ ಚೂಡಾ ಬಂತು. "ಅವಲಕ್ಕಿ ಹುರದಾರೋ, ಬರೇ ಹೆದರ್ಸ್ಯಾರೋ?" ಎಂದು ತೀರ್ಪಾಯಿತು. ಮೂಡಲಗಿಯ ಖಾನಾವಳಿಯವರು ಮಡಕಿ ಕಾಳಿನ ಉಸುಳಿ ಕಳಿಸಿದರು. "ಬೀಗರು ಲಗೂನ ಎದ್ದ ಹೋಗ್ಲಿ ಅಂತ ಮಾಡ್ಯಾರ" ಎಂದು ಅದೂ ಬಿತ್ತು. ಕಾಕಾ ದಿನಾ ಬೆಳಿಗ್ಗೆ ಬಂದು ಕಾಕುವಿನ ಬೈಗುಳ ಒಪ್ಪಿಸಿ, ಕಡೆಗೆ ಮೆಲ್ಲಗೆ "ಎರಡ ಚಮಚೆ ತಿಂದ್ಲು" ಎನ್ನುತ್ತಿದ್ದರು. ನಾವು ಮೊದಲನೆಯದಕ್ಕೆ ನಗುತ್ತಿದ್ದೆವು, ಎರಡನೆಯದಕ್ಕಾಗಿ ಕಾಯುತ್ತಿದ್ದೆವು. ಚಾಚಾನಿಗೂ ವಿಷಯ ತಿಳಿಯಿತು. ಆಮೇಲೆ ಪ್ರತಿ ಗುರುವಾರ ಎರಡು ಬಿಸಿ ಭಜಿ ಕಟ್ಟಿಕೊಂಡು ಬಂದು, "ಈ ಸಲಾನೂ ಪಾಸ್ ಮಾಡಬ್ಯಾಡ ಅನ್ರಿ" ಎಂದು ಕೊಟ್ಟುಹೋಗುತ್ತಿದ್ದ.

ಆಯ್ಕೆ ಮುಗಿದರೆ ಕಾಕುವಿನ ಊಟ ಮುಗಿಯುತ್ತದೆ ಎಂದು ನಮಗೆಲ್ಲ ಗೊತ್ತಿತ್ತು. ಅದಕ್ಕೇ ಹದಿನಾಲ್ಕು ಜನ ಥರ್ಮಾಸಿನ ಆರಿದ ಚಹಾ ಕುಡಿದು, ಹೊಸ ಬೆಂಚಿನ ಮೇಲೆ ಬಿಸ್ಕೀಟು ಕಡಿಯುತ್ತ ಕೂತೆವು. ಸಾಹೇಬರು ಮೊದಲು ಗುರುಗುಟ್ಟುತ್ತಿದ್ದರು. ನಾಲ್ಕನೆಯ ತಿಂಗಳಿನಿಂದ ತಾವೇ ಎಲ್ಲೋ ಹೊಸ ಹೋಟೆಲು ಕೇಳಿಕೊಂಡು ಬಂದು ಕಾಕಾರ ಕಿವಿಯಲ್ಲಿ ಹೇಳುತ್ತಿದ್ದರು.

ಎಂಟನೆಯ ತಿಂಗಳು ತುಕ್ಕಾನಟ್ಟಿಯ ಹೆಣ್ಣುಮಗಳೊಬ್ಬಳು ಬಸ್ಸಿನಲ್ಲಿ ಕಂಡಕ್ಟರನ ಕೈಗೆ ಒಂದು ಡಬ್ಬಿ ಉಪ್ಪಿಟ್ಟು ಕೊಟ್ಟು ಕಳಿಸಿದಳು. ಮರುದಿನ ಕಾಕಾ ಬಂದು ಸಾಹೇಬರ ಮೇಜಿನೆದುರು ನಿಂತರು.

"ಪಾಸ್ ಮಾಡಿದ್ಲ್ರಿ" ಎಂದರು. "'ಇದನ್ನ ಗೊತ್ತ ಮಾಡ್ರಿ, ಆ ಮಂದಿ ನನ್ನ ಸಲುವಾಗಿ ಎಷ್ಟ ದಿನ ಉಪಾಸ ಕೂಡ್ರಬೇಕು' ಅಂದ್ಲು. ಆಕೀಗೆ ಮೊದಲಿಂದನೂ ಗೊತ್ತಿತ್ತಂತ."

ಸಾಹೇಬರು ಎಲ್ಲರನ್ನೂ ಖೋಲಿಗೆ ಕರೆದು, ಆ ದಿನ ತುಕ್ಕಾನಟ್ಟಿಯಿಂದ ಮತ್ತೆ ಬಂದ ಡಬ್ಬಿಯನ್ನು ನಮ್ಮೆದುರು ಬಿಚ್ಚಿದರು. ಅಂಥ ಉಪ್ಪಿಟ್ಟು ನಾನು ಜನ್ಮದಲ್ಲಿ ತಿಂದಿರಲಿಲ್ಲ. ಪ್ಲೇಟಿನಲ್ಲಿ ಒಂದು ಸಾಸಿವೆ ಕಾಳೂ ಉಳಿಯಲಿಲ್ಲ.

"ಉಪ್ಪ ಕಡಿಮಿ ಆಗೇತಿ" ಎಂದ ನಮ್ಮ ಆಫೀಸಿನ ಡ್ರೈವರ್, ಬೆರಳು ನೆಕ್ಕುತ್ತ.

"ಉಳ್ಳಾಗಡ್ಡಿ ಹಸಿ ಐತಿ" ಎಂದೆ ನಾನು, ತುಂಬಿದ ಬಾಯಲ್ಲಿ.

"ನನ್ನ ಮನಸ್ಸಿಗೂ ಬರವಲ್ದು. ಇನ್ನೊಂದಿಷ್ಟ ಕಡೆ ನೋಡ್ರಿ ಕಾಕಾ" ಎಂದರು ಸಾಹೇಬರು. ಕಾಕಾರನ್ನು ಬಿಟ್ಟು ಹದಿಮೂರು ಜನವೂ ಬೇಡ ಎಂದು ಕೈ ಎತ್ತಿದೆವು. ಕಾಕಾ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು.

ಅದನ್ನು ಕೇಳಿ ಕಾಕು ನಕ್ಕರಂತೆ. "ಇಡೀ ಆಫೀಸ್ನಾಗ ಒಬ್ಬರ ನಾಲಿಗೀನೂ ನೆಟ್ಟಗಿಲ್ಲ" ಎಂದರಂತೆ. ಅಂದು ಮೂರು ಚಮಚ ತಿಂದರು. ಹನ್ನೊಂದು ದಿನಕ್ಕೆ ತೀರಿಕೊಂಡರು.

ಕಾಕಾ ಕೆಲಸಕ್ಕೆ ಮರಳಿದ ಮೇಲೆ ಸಾಹೇಬರು ತುಕ್ಕಾನಟ್ಟಿಯವಳನ್ನೇ ಗೊತ್ತುಮಾಡಿದರು. ಮೊದಲ ದಿನ ಆಕೆ ತಾನೇ ಬಂದಳು. ಎಲ್ಲರಿಗೂ ಬಡಿಸಿ, ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು:

"ಹೆಂಗಾಗೇತ್ರಿ?"

ಎಲ್ಲರೂ ಕಾಕಾರ ಕಡೆ ನೋಡಿದೆವು. ಅವರು ಒಂದು ಚಮಚ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು.

"ನನಗ ತಿಳಿಯಂಗಿಲ್ಲ ತಂಗಿ" ಎಂದರು. "ನಾ ಬರೇ ಒಯ್ದ ಕೊಡಾವ ಇದ್ದೆ."