ಅವರದೂ ಬರುತ್ತೆ, ನನ್ನದೂ ಬರುತ್ತೆ

ಗಂಡನ ದುಡ್ಡು ನನ್ನದು, ನನ್ನ ದುಡ್ಡಂತೂ ನನ್ನದೇ ಎಂದು ನಂಬಿ ಸಂಸಾರ ಮಾಡಿದವಳು ನಾನು. ಸರ್ಕಾರದ ಅಭಿಪ್ರಾಯವೂ ಅದೇ ಎಂದು ತಿಳಿದದ್ದು ಮಾತ್ರ ನಮ್ಮನೆಯವರು ತೀರಿಕೊಂಡ ಮೇಲೆ. ನಾನು ಶಿಡ್ಲಘಟ್ಟದ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟು ಗಂಟಲು ಹಾಳು ಮಾಡಿಕೊಂಡು ನಿವೃತ್ತಳಾದ ಮೇಡಂ. ಅವರು ರೇಷ್ಮೆ ಇಲಾಖೆಯವರು. ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಸದ್ದು ಕೇಳಿ ನೋಡುವ ಅಭ್ಯಾಸ ಎಷ್ಟು ಅಂಟಿತ್ತೆಂದರೆ, ಮನೆಯಲ್ಲಿ ಕಡಲೆಕಾಯಿಯನ್ನೂ ಹಾಗೇ ಅಲ್ಲಾಡಿಸಿದ ಮೇಲೆಯೇ ಸುಲಿಯುತ್ತಿದ್ದರು.

ಅವರು ಹೋದ ಮೇಲೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕಲು ನನಗೆ ಭಯ. ವಿದುರಾಶ್ವತ್ಥದಿಂದ ಬಂದಿದ್ದ ಮೈದುನ, "ಅತ್ತಿಗೆ, ಎರಡೆರಡು ತಗೊಂಡ್ರೆ ನಿಮ್ದನ್ನೂ ನಿಲ್ಲಿಸ್ತಾರೆ, ಸುಮ್ನಿರಿ" ಎಂದು ಹೆದರಿಸಿದ್ದ. ಇದ್ದದ್ದೂ ಹೋದರೆ ಮಾತ್ರೆಗೂ ಮಗಳ ಮುಂದೆ ಕೈಚಾಚಬೇಕಲ್ಲ ಎಂದು ಒಂದಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದೆ. ಕೊನೆಗೆ ಚಿಕ್ಕಬಳ್ಳಾಪುರದ ಖಜಾನೆಗೆ ಹೋಗಿ, ಹೋಂವರ್ಕ್ ಮಾಡದ ಹುಡುಗಿಯ ಹಾಗೆ ನಿಂತು ಕೇಳಿದೆ. ಅಲ್ಲಿದ್ದ ಹೆಣ್ಣುಮಗಳು ನಕ್ಕು, "ಅದು ನೀವು ದುಡಿದಿದ್ದು, ಇದು ಯಜಮಾನ್ರು ದುಡಿದಿದ್ದು. ಎರಡೂ ಬರುತ್ತೆ, ಧೈರ್ಯವಾಗಿ ತಗೊಳಿ ಅಮ್ಮ" ಎಂದಳು. ಆ ತಾಯಿ ತಣ್ಣಗಿರಲಿ. ಮನೆಯ ತಾರಸಿ ಸೋರುವುದು ನಿಂತದ್ದು, ನಾನು ಹೊಸ ಹಲ್ಲು ಕಟ್ಟಿಸಿಕೊಂಡದ್ದು ಎಲ್ಲ ಅವರ ದುಡ್ಡಿನಲ್ಲೇ. ಇದ್ದಾಗ ಕೊತ್ತಂಬರಿ ಸೊಪ್ಪಿಗೂ ಲೆಕ್ಕ ಕೇಳುತ್ತಿದ್ದ ಮಹಾನುಭಾವರು ಈಗ ತುಟಿಪಿಟಕ್ಕೆನ್ನದೆ ಕೊಡುತ್ತಿದ್ದಾರೆ.

ತೊಡಕು ಒಂದೇ. ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ಬದುಕಿದ್ದೇನೆಂದು ಎರಡು ಸಲ ತೋರಿಸಬೇಕು: ನಿವೃತ್ತ ಶಿಕ್ಷಕಿಯಾಗಿ ಒಮ್ಮೆ, ಅವರ ಹೆಂಡತಿಯಾಗಿ ಇನ್ನೊಮ್ಮೆ. ಎರಡನೆಯದರ ಜೊತೆಗೆ ಮರುಮದುವೆಯಾಗಿಲ್ಲ ಎಂದೂ ಬರೆದುಕೊಡಬೇಕು. ಈ ಸಲ ಅದನ್ನು ಕೇಳಲು ಹೊಸ ಆಫೀಸರಿಗೆ ಸಂಕೋಚ. "ಮೇಡಂ, ತಪ್ಪು ತಿಳೀಬೇಡಿ, ನೀವು ಮತ್ತೆ ಏನಾದ್ರೂ..." ಎಂದು ತಡವರಿಸಿದರು. ಸಾಕ್ಷಿಗೆಂದು ನಾನು ಕರೆದೊಯ್ದಿದ್ದ, ನಮ್ಮವರ ಜೊತೆ ಕೆಲಸ ಮಾಡಿದ್ದ ರಾಮಾಂಜಿನಪ್ಪನವರು, "ಕೇಳಿ ಸಾರ್, ಪರವಾಗಿಲ್ಲ. ಈ ಮಂಡಿನೋವು ಇಟ್ಕೊಂಡು ನಮ್ಮಕ್ಕ ಹಸೆಮಣೆ ಮೇಲೆ ಕೂತ್ರೆ ಏಳ್ಸೋರು ಯಾರು?" ಎಂದುಬಿಟ್ಟರು. ಸಾಲಿನಲ್ಲಿದ್ದ ಪಿಂಚಣಿದಾರರೆಲ್ಲ ನಕ್ಕರು. ನಾನೂ ನಕ್ಕೆ. ಸಹಿ ಹಾಕುವ ಮುಂಚೆ ಮಾತ್ರ ಆ ಸಾಲನ್ನು ಇನ್ನೊಮ್ಮೆ ಓದಿದೆ.

ಅಷ್ಟು ವರ್ಷ ಜೊತೆಗಿದ್ದೂ, ನೀವಲ್ಲದೆ ನನಗೆ ಬೇರೆ ಯಾರೂ ಬೇಡ ಎಂದು ನಮ್ಮನೆಯವರಿಗೆ ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ ನಾನು. ಹೇಳಲು ನಾಚಿಕೆ. ಈಗ ಅದನ್ನೇ ವರ್ಷ ವರ್ಷವೂ, ಸಾಕ್ಷಿ ಸಮೇತ, ಸರ್ಕಾರಕ್ಕೆ ಬರೆದುಕೊಡುತ್ತಿದ್ದೇನೆ.